ಮರದ ಸೇತುವೆಗೆ ಮಾಡು ಯಾಕೆ?

ಅಮೆರಿಕದ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆ ಟೂರ್ ಬಂದ ನಮ್ಮೋರು ಮಾಡು (ಛಾವಣಿ) ಇರೋ ಮರದ ಸೇತುವೆ ಮುಂದೆ ಫೋಟೋ ತೆಗೆಸ್ಕೊಂಡು ನಂಗೆ ಕಳಿಸ್ತಾರೆ, ಜೊತೆಗೆ ಒಂದೇ ಪ್ರಶ್ನೆ, ಸೇತುವೆಗೆ ಮನೆ ತರ ಮಾಡು ಯಾಕೆ, ಹಿಮ ಬೀಳ್ಬಾರ್ದು ಅಂತಾನಾ? ಅಲ್ಲ ಮಾರಾಯ್ರೆ, ಹಿಂದೆ ಚಳಿಗಾಲದಲ್ಲಿ ಕುದುರೆ ಎಳೆಯೋ ಜಾರುಬಂಡಿ ಓಡಾಡ್ತಿದ್ದಾಗ ಸೇತುವೆ ಒಳಗೆ ಹಿಮಾನೇ ಇರ್ತಿರ್ಲಿಲ್ಲ, ಹಿಮ ಇಲ್ದೆ ಬಂಡಿ ಜಾರಲ್ಲ, ಅದಕ್ಕೆ ಹೊರಗಿಂದ ಸಲಿಕೆಯಲ್ಲಿ ಹಿಮ ತಂದು ಹಲಗೆ ಮೇಲೆ ಹರಡೋಕೆ ಜನ ಇಟ್ಕೊಳ್ತಿದ್ರು!

ಮಾಡು ಹಾಕಿರೋದು ಆ ಸೇತುವೆಯ ಮರಕ್ಕೋಸ್ಕರ. ಎರಡೂ ಬದಿ ಗೋಡೆ ತರ ಕಾಣೋದರ ಒಳಗೆ ಭಾರ ಹೊರೋ ಟ್ರಸ್, ಅಂದ್ರೆ ಮರಗಳನ್ನ ಓರೆಯಾಗಿ ಜೋಡಿಸಿದ ಚೌಕಟ್ಟು ಇರುತ್ತೆ, ಅದ್ರಲ್ಲಿ ನೂರಾರು ಜಾಯಿಂಟು, ಪ್ರತಿ ಜಾಯಿಂಟಲ್ಲೂ ನೀರು ನಿಲ್ಲೋಕೆ ಸಂದಿ. ಮರದಲ್ಲಿ ತೇವ 20 ಪರ್ಸೆಂಟ್ ಒಳಗಿದ್ರೆ ಕೊಳೆಸೋ ಫಂಗಸ್ ಬೆಳೆಯಲ್ಲ, ಅದು ಮೀರಿ ಹಾಗೇ ನಿಂತ್ರೆ ಶುರು. ಮಾಡು ಇಲ್ಲದ ಮರದ ಸೇತುವೆ ಅಲ್ಲಿನ ಹವಾಗೆ ಹತ್ತಿಪ್ಪತ್ತು ವರ್ಷ ಬಾಳಿದ್ರೆ ಹೆಚ್ಚು, ಮಾಡು ಇದ್ರೆ ನೂರು ವರ್ಷ ದಾಟುತ್ತೆ.

ಈ ಎರಡು ರಾಜ್ಯಗಳ ನಡುವಿನ ಕನೆಕ್ಟಿಕಟ್ ನದಿ ಮೇಲಿನ ಕಾರ್ನಿಷ್-ವಿಂಡ್ಸರ್ ಸೇತುವೆ ನೋಡಿ. ಅದೇ ಜಾಗದಲ್ಲಿ 1796, 1824, 1849ರಲ್ಲಿ ಕಟ್ಟಿದ ಮೂರೂ ಪ್ರವಾಹಕ್ಕೆ ಹೋದ್ವು. ಈಗಿರೋದು 1866ರದ್ದು, ಜೇಮ್ಸ್ ಟಾಸ್ಕರ್ ಮತ್ತೆ ಬೇಲಾ ಫ್ಲೆಚರ್ ಕಟ್ಟಿದ್ದು, ಖರ್ಚು 9,000 ಡಾಲರ್, ಉದ್ದ ಸುಮಾರು 450 ಅಡಿ, ನಡುವೆ ಒಂದೇ ಕಂಬ. ಇಥಿಯೆಲ್ ಟೌನ್ ಅನ್ನೋ ಆರ್ಕಿಟೆಕ್ಟ್ 1820ರಲ್ಲಿ ಪೇಟೆಂಟ್ ಮಾಡಿಸಿದ ಜಾಲರಿ ಟ್ರಸ್ಸೇ ಇಲ್ಲೂ ಇರೋದು, ಆದ್ರೆ ಟೌನ್ ಹಲಗೆ ಹಾಕಿದ ಕಡೆ ಟಾಸ್ಕರ್ ದಪ್ಪ ತೊಲೆಗಳನ್ನ ಕಚ್ಚು ಹಾಕಿ ಒಂದಕ್ಕೊಂದು ಕೂರಿಸಿದಾನೆ. ಬಾಗಿಲ ಮೇಲೆ ಬೋರ್ಡ್ ಬೇರೆ, ಕುದುರೆ ನಡೆಸ್ಕೊಂಡು ಹೋಗಿ, ಇಲ್ಲಾಂದ್ರೆ 2 ಡಾಲರ್ ದಂಡ! 1943ರವರೆಗೂ ಟೋಲ್ ಕೊಟ್ಟೇ ದಾಟ್ಬೇಕಿತ್ತು.

ಇನ್‌ಸ್ಪೆಕ್ಷನ್‌ಗೆ ಹೋದ್ರೆ ನಾನು ಮೊದ್ಲು ಮಾಡಿನಲ್ಲಿ ಎಲ್ಲಾದ್ರೂ ಬೆಳಕು ಕಾಣುತ್ತಾ ನೋಡ್ತೀನಿ, ಆಮೇಲೆ ಸೀದಾ ಸೇತುವೆಯ ತುದಿಗೆ ಇಳೀತೀನಿ, ಕೆಳಗಿನ ತೊಲೆ ದಡದ ಕಲ್ಲುಕಟ್ಟಡದ ಮೇಲೆ ಕೂರೋ ಜಾಗ. ಕಾರಿನ ಚಕ್ರ ತಂದ ಮಣ್ಣು, ಎಲೆ, ಹಿಮ ಕರಗೋಕೆ ರಸ್ತೆಗೆ ಹಾಕಿದ ಉಪ್ಪು ಎಲ್ಲಾ ಅಲ್ಲಿ ಗುಡ್ಡೆ ಬಿದ್ದಿರುತ್ತೆ, ಒದ್ದೆ ಸ್ಪಂಜ್ ಹಾಗೆ. ಮೇಲಿಂದ ನೋಡಿದ್ರೆ ಮರ ಗಟ್ಟಿಯಾಗೇ ಕಾಣುತ್ತೆ, ಸುತ್ತಿಗೆಯಲ್ಲಿ ತಟ್ಟಿದ್ರೆ ಟಣ್ ಅನ್ನೋ ಬದ್ಲು ಡಬ್ ಅನ್ನುತ್ತೆ, ಚೂಪು ಸಲಾಕೆ ಚುಚ್ಚಿದ್ರೆ ಎರಡಿಂಚು ಸಲೀಸಾಗಿ ಒಳಗೆ ಹೋಗಿ ಕಂದು ಪುಡಿ ಬರುತ್ತೆ. ನಮ್ಮ ಮಲೆನಾಡಲ್ಲಿ ಕಂಬದ ಬುಡ ನೆಲಕ್ಕೆ ತಾಗ್ಬಾರ್ದು ಅಂತ ಕಲ್ಲು ಕೊಡ್ತಾರಲ್ಲ, ಲೆಕ್ಕಾಚಾರ ಅದೇ. ವರ್ಷಕ್ಕೆರಡು ಸಲ ಆ ಕಸ ಗುಡಿಸಿದ್ರೆ ಸಾಕು ಅಂತ ಬರೆದುಕೊಟ್ರೆ ಊರಿನ ಕಮಿಟಿಗಳಿಗೆ ರುಚಿಸಲ್ಲ, ಅವರಿಗೆ ಹೊರಗೆ ಕೆಂಪು ಪೇಂಟ್ ಬೇಕು. ಕಾರ್ನಿಷ್-ವಿಂಡ್ಸರ್‌ಗೆ ಪೇಂಟೇ ಇಲ್ಲ, ಬೂದು ಬಣ್ಣಕ್ಕೆ ತಿರುಗಿದ ಮರ.

ಅಷ್ಟಾದ್ರೂ ಅದನ್ನ 1987ರಲ್ಲಿ ಮುಚ್ಚಬೇಕಾಯ್ತು, ಭಾರಕ್ಕೆ ಬಗ್ಗಿತ್ತು. 1989ರಲ್ಲಿ ಮತ್ತೆ ತೆರೆಯೋವಾಗ ಕೆಲವು ಕಡೆ ಗ್ಲೂಲ್ಯಾಮ್, ಅಂದ್ರೆ ಪಟ್ಟಿ ಪಟ್ಟಿ ಮರನ ಅಂಟಿಸಿ ಮಾಡಿದ ತೊಲೆ ಹಾಕಿದ್ರು. ಹಳೇದನ್ನ ಕೆಡಿಸಿದ್ರು ಅನ್ನೋರಿದ್ದಾರೆ. ನಂಗೆ ಹಾಗನ್ಸಲ್ಲ, ಕಾರು ಓಡಾಡೋ ಸೇತುವೆನ ಮ್ಯೂಸಿಯಂ ಸಾಮಾನಿನ ಹಾಗೆ ನೋಡೋಕಾಗಲ್ಲ, ಮಾಡಿದ್ದನ್ನ ದಾಖಲಿಸಿಟ್ರೆ ಆಯ್ತು.

ಪ್ರವಾಹದ ಮುಂದೆ ಮಾಡೂ ಏನ್ಮಾಡಲ್ಲ. 2011ರ ಆಗಸ್ಟ್ 28, ಐರೀನ್ ಚಂಡಮಾರುತ, ವರ್ಮಾಂಟಿನ ಬಾರ್ಟನ್ಸ್‌ವಿಲ್ ಸೇತುವೆ (1870) ಹೋಯ್ತು, ಅದೇ ದಿನ ನ್ಯೂಯಾರ್ಕ್ ರಾಜ್ಯದಲ್ಲಿ 1855ರ ಬ್ಲೆನ್‌ಹೈಮ್, ನಡುವೆ ಕಂಬನೇ ಇಲ್ಲದೆ 210 ಅಡಿ ದಾಟ್ತಿದ್ದದ್ದು. ಎರಡನ್ನೂ ಮತ್ತೆ ಕಟ್ಟಿದ್ರು, ಬ್ಲೆನ್‌ಹೈಮ್ ಮುಗಿದಿದ್ದು 2018ರಲ್ಲಿ, ಈ ಸಲ ಇನ್ನೂ ಎತ್ತರದಲ್ಲಿ. ಹೊಸದನ್ನ 1855ರದ್ದು ಅನ್ನೋಕೆ ನಂಗೆ ಬಾಯಿ ಬರಲ್ಲ, ಆದ್ರೆ ದುಡ್ಡು ದಂಡ ಅನ್ನೋರ ಜೊತೆಗೂ ನಾನಿಲ್ಲ, ಯಾಕಂದ್ರೆ ಇಷ್ಟು ದೊಡ್ಡ ತೊಲೆಗೆ ಕಚ್ಚು ಕೆತ್ತಿ ಕೂರಿಸೋ ಬಡಗಿಗಳೇ ಈಗ ಕಮ್ಮಿ, ಇಂಥ ಕೆಲಸ ಆಗಾಗ ಸಿಗದೇ ಹೋದ್ರೆ ನಾಳೆ ಟಾಸ್ಕರ್ ಸೇತುವೆಯ ಜಾಯಿಂಟ್ ಹೋದಾಗ ಕರೆಯೋದು ಯಾರನ್ನ?