ವಾರ್ಷಿಕ ವರದಿ: ವಿಶ್ವವಿದ್ಯಾಲಯ ಯಾರಿಗೆ ಲೆಕ್ಕ ಒಪ್ಪಿಸುತ್ತದೆ?

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ಜ್ಞಾನಗಂಗಾ ಆವರಣ, ಆಳಂದ ರಸ್ತೆ ಹಿಡಿದರೆ ಕಡಗಂಚಿ. ಮೊದಲನೆಯದು 1980ರಲ್ಲಿ ಶುರುವಾದ, ರಾಜ್ಯ ಸರ್ಕಾರದ ಗುಲ್ಬರ್ಗಾ ವಿಶ್ವವಿದ್ಯಾಲಯ. ಎರಡನೆಯದು 2009ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಇಂಥ ಸಂಸ್ಥೆಗಳೆಲ್ಲ ವರ್ಷಕ್ಕೊಮ್ಮೆ ಒಂದು ದಪ್ಪ ಪುಸ್ತಕ ತರಬೇಕು. ಮೊದಲಿಗೆ ಕುಲಪತಿಗಳ ಮುನ್ನುಡಿ, ನಡುವೆ ಘಟಿಕೋತ್ಸವ, ಯೋಗ ದಿನ, ವನಮಹೋತ್ಸವದ ಫೋಟೊಗಳು, ಕೊನೆಗೆ ಯಾರೂ ತೆರೆಯದ ಕೋಷ್ಟಕಗಳು. ಇದೇ ವಾರ್ಷಿಕ ವರದಿ.

ಹೆಸರು ಕೇಳಿದ ಕೂಡಲೇ ಶಾಲೆಯ ಗ್ಯಾದರಿಂಗ್‌ನಲ್ಲಿ ಹೆಡ್ ಮಾಸ್ತರರು ಓದುತ್ತಿದ್ದ ವರದಿ ನೆನಪಾಗಬಹುದು. ಅದು ಕೇಳಿ ಚಪ್ಪಾಳೆ ತಟ್ಟುವುದಕ್ಕೆ ಇದ್ದದ್ದು. ವಿಶ್ವವಿದ್ಯಾಲಯದ ವರದಿ ಕಾನೂನು ಕೇಳಿ ಬರೆಸುವ ಉತ್ತರ. ಏನು ಮಾಡುತ್ತೇವೆಂದು ಹೇಳಿದ್ದೆವು, ಏನು ಮಾಡಿದೆವು, ತೀರ್ಮಾನ ತೆಗೆದುಕೊಂಡವರು ಯಾರು, ಖರ್ಚಾದ ದುಡ್ಡು ಎಷ್ಟು ಎಂಬುದಕ್ಕೆಲ್ಲ ಅದರಲ್ಲಿ ಉತ್ತರ ಸಿಗಬೇಕು. ಕಾರ್ಯತಂತ್ರ, ಸಾಧನೆ, ಆಡಳಿತ ಎಂದು ದೊಡ್ಡ ದೊಡ್ಡ ಶೀರ್ಷಿಕೆ ಕೊಟ್ಟು ಬರೆದರೂ ಒಳಗಿನ ತಿರುಳು ಇಷ್ಟೇ.

ಉತ್ತರ ಯಾರಿಗೆ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಕಡಗಂಚಿಯ ವರದಿ ಅಲ್ಲಿನ ಕಾರ್ಯಕಾರಿ ಮಂಡಳಿಯ ನಿರ್ದೇಶನದಂತೆ ಸಿದ್ಧವಾಗುತ್ತದೆ. ವಿಶ್ವವಿದ್ಯಾಲಯ ಯಾವ ಉದ್ದೇಶಗಳಿಗಾಗಿ ಸ್ಥಾಪನೆಯಾಯಿತೋ ಅವುಗಳ ಈಡೇರಿಕೆಗೆ ಏನೇನು ಕ್ರಮ ಕೈಗೊಂಡಿತೆಂದು ಅದರಲ್ಲಿ ಹೇಳಲೇಬೇಕು. ಅಲ್ಲಿಂದ ವರದಿ ಕೋರ್ಟ್ ಎಂಬ ಸಭೆಗೆ ಹೋಗುತ್ತದೆ. ಇದು ನ್ಯಾಯಾಲಯವಲ್ಲ, ವಿಶ್ವವಿದ್ಯಾಲಯದ್ದೇ ಒಂದು ಪ್ರಾಧಿಕಾರ. ಆಮೇಲೆ ಸಂದರ್ಶಕರಿಗೆ, ಅಂದರೆ ರಾಷ್ಟ್ರಪತಿಗಳಿಗೆ. ಇನ್ನೊಂದು ಪ್ರತಿ ಕೇಂದ್ರ ಸರ್ಕಾರದ ಮೂಲಕ ಲೋಕಸಭೆ, ರಾಜ್ಯಸಭೆ ಎರಡರಲ್ಲೂ ಮಂಡನೆಯಾಗುತ್ತದೆ. ಲೆಕ್ಕಪತ್ರದ ತಪಾಸಣೆ ಮಹಾಲೇಖಪಾಲರದ್ದು (ಸಿಎಜಿ). ಎರಡು ತಪಾಸಣೆಗಳ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದೆಂದು ಕಾಯ್ದೆಯೇ ಹೇಳುತ್ತದೆ.

ಸೇಡಂ ರಸ್ತೆಯ ವಿಶ್ವವಿದ್ಯಾಲಯಕ್ಕೆ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಅನ್ವಯ. ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ವರದಿ ರಾಜ್ಯ ಸರ್ಕಾರಕ್ಕೆ ಹೋಗಿ ವಿಧಾನಮಂಡಲದ ಮುಂದೆ ಬರುತ್ತದೆ. ಹಾಗಾಗಿ ನಮ್ಮ ಶಾಸಕರ ಕೈಗೂ ಅದು ಸಿಗುತ್ತದೆ. ಬಿಚ್ಚಿ ನೋಡಿದವರೆಷ್ಟು ಮಂದಿ ಎಂಬುದು ಬೇರೆ ಮಾತು.

ವಿದ್ಯಾಸಂಸ್ಥೆಯ ಲೆಕ್ಕ ಬರೆದಿಡುವುದು ಈ ಸೀಮೆಗೆ ಹೊಸದೇನಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಅಲ್ಲಿನ ಶಾಸನ ವೇದ ಓದುವ 200 ವಿದ್ಯಾರ್ಥಿಗಳನ್ನೂ ಶಾಸ್ತ್ರ ಓದುವವರನ್ನೂ ಹೇಳುತ್ತದೆ, ಅವರಿಗೆ ಪಾಠ ಹೇಳುವವರನ್ನು ಹೇಳುತ್ತದೆ, ಪುಸ್ತಕ ನೋಡಿಕೊಳ್ಳುವ 6 ಮಂದಿ ಸರಸ್ವತೀ ಭಂಡಾರಿಗರನ್ನೂ ಬಿಡುವುದಿಲ್ಲ. ಎಷ್ಟು ಜನ ಓದುತ್ತಾರೆ, ಕಲಿಸುವವರು ಯಾರು, ಗ್ರಂಥಾಲಯಕ್ಕೆ ಎಷ್ಟು ಸಿಬ್ಬಂದಿ: ಇವತ್ತಿನ ವರದಿಯ ಕೋಷ್ಟಕಗಳೂ ಕೇಳುವುದು ಇದನ್ನೇ. ಗ್ರಂಥಪಾಲಕರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬೀಳುವ ಈ ಕಾಲದಲ್ಲಿ ಆ 6 ಎಂಬ ಅಂಕಿ ನೋಡಿದರೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ವರದಿ ಕೈಗೆ ಸಿಕ್ಕರೆ ಎಲ್ಲಿಂದ ಓದಬೇಕು? ನನ್ನನ್ನು ಕೇಳಿದರೆ ಮುನ್ನುಡಿ ಬಿಟ್ಟು ನೇರವಾಗಿ ಹುದ್ದೆಗಳ ಕೋಷ್ಟಕಕ್ಕೆ ಹೋಗಬೇಕು. ಮಂಜೂರಾದದ್ದು ಎಷ್ಟು, ಭರ್ತಿಯಾದದ್ದು ಎಷ್ಟು, ಖಾಲಿ ಎಷ್ಟು. ಸಂಶೋಧನೆ ನಡೆಸುವ ವಿಶ್ವವಿದ್ಯಾಲಯದಲ್ಲಿ ಉಳಿದ ಬಹುಪಾಲು ಅಂಕಿಗಳು ಈ ಕೋಷ್ಟಕದಿಂದಲೇ ಹುಟ್ಟುತ್ತವೆ.

ಹೇಗೆಂದರೆ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮದ ಪ್ರಕಾರ ಒಬ್ಬ ಪ್ರಾಧ್ಯಾಪಕರು ಒಂದು ಕಾಲಕ್ಕೆ 8 ಜನ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4. ಒಂದು ವಿಭಾಗಕ್ಕೆ ಒಬ್ಬ ಪ್ರಾಧ್ಯಾಪಕರು, ಇಬ್ಬರು ಸಹ ಪ್ರಾಧ್ಯಾಪಕರು, ನಾಲ್ವರು ಸಹಾಯಕ ಪ್ರಾಧ್ಯಾಪಕರು ಮಂಜೂರಾಗಿದ್ದಾರೆ ಎಂದಿಟ್ಟುಕೊಳ್ಳಿ. ಎಲ್ಲ ಹುದ್ದೆಯೂ ತುಂಬಿದ್ದು ಎಲ್ಲರಿಗೂ ಮಾರ್ಗದರ್ಶನದ ಅರ್ಹತೆ ಇದ್ದರೆ ಅಲ್ಲಿ 36 ಜನ ಸಂಶೋಧನೆ ಮಾಡಬಹುದು. ಪ್ರಾಧ್ಯಾಪಕರು ನಿವೃತ್ತರಾದರು, ಒಬ್ಬ ಸಹ ಪ್ರಾಧ್ಯಾಪಕರು ಬೇರೆ ಕಡೆ ಹೋದರು, ಅವರ ಜಾಗ ತುಂಬಲಿಲ್ಲ ಎಂದರೆ 36 ಇದ್ದದ್ದು 22ಕ್ಕೆ ಇಳಿಯಿತು. ಖಾಲಿ ಜಾಗಕ್ಕೆ ಅತಿಥಿ ಉಪನ್ಯಾಸಕರು ಬರುತ್ತಾರೆ, ಪಾಠ ಮಾಡುತ್ತಾರೆ, ಎಷ್ಟೋ ಕಡೆ ಕಾಯಂ ಇದ್ದವರಿಗಿಂತ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಪಿಎಚ್‌ಡಿ ಮಾರ್ಗದರ್ಶನಕ್ಕೆ ಕಾಯಂ ಅಧ್ಯಾಪಕರೇ ಆಗಬೇಕು. ಹೀಗಾಗಿ ಕ್ಲಾಸು ನಡೆಯುತ್ತದೆ, ಪರೀಕ್ಷೆ ನಡೆಯುತ್ತದೆ, ಫಲಿತಾಂಶದ ಕೋಷ್ಟಕ ಹೋದ ವರ್ಷದಂತೆಯೇ ಕಾಣುತ್ತದೆ. ಸೊರಗುವುದು ಸಂಶೋಧನೆ, ಅದೂ ಮೂರು ನಾಲ್ಕು ವರ್ಷ ಬಿಟ್ಟು, ಪಿಎಚ್‌ಡಿ ಪದವಿ ಪಡೆದವರ ಸಂಖ್ಯೆ ಇಳಿದಾಗ ಮಾತ್ರ ಗೊತ್ತಾಗುತ್ತದೆ. ಆಗ ಕುಲಪತಿಗಳೂ ಬದಲಾಗಿರುತ್ತಾರೆ. ರಾಜ್ಯ ವಿಶ್ವವಿದ್ಯಾಲಯದಲ್ಲಿ ಅವರ ಅವಧಿ ನಾಲ್ಕು ವರ್ಷ.

ನಮ್ಮ ಕಲ್ಯಾಣ ಕರ್ನಾಟಕ ಭಾಗದ ರಾಜ್ಯ ಸಂಸ್ಥೆಗಳ ವರದಿಗೆ ಇನ್ನೊಂದು ಪದರ ಇದೆ: 371ಜೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಂತೆ ಪ್ರವೇಶದಲ್ಲೂ ನೇಮಕಾತಿಯಲ್ಲೂ ಸ್ಥಳೀಯರಿಗೆ ಮೀಸಲಾತಿ ಇದೆ. ಪ್ರವೇಶದಲ್ಲಿ ಇಲ್ಲಿನ ಸೀಟುಗಳ ಪೈಕಿ ಶೇ 70 ಸ್ಥಳೀಯರಿಗೆ. ಆದ್ದರಿಂದ ವಿದ್ಯಾರ್ಥಿಗಳ ಸಂಖ್ಯೆ ಇಷ್ಟು ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ವರದಿ ಅರ್ಧ ವರದಿ. ಯಾವ ತಾಲ್ಲೂಕಿನವರು, ಹೆಣ್ಣುಮಕ್ಕಳು ಎಷ್ಟು, ಸೇರಿದವರಲ್ಲಿ ಮುಗಿಸಿದವರೆಷ್ಟು ಎಂದು ಬಿಡಿಸಿ ಹೇಳಿದಾಗಲೇ ಯಾದಗಿರಿಯಿಂದ ಬೆಳಿಗ್ಗೆ ರೈಲು ಹತ್ತಿ ಬರುವ ಹುಡುಗಿಗೆ ಆ ಮೀಸಲಾತಿ ಮುಟ್ಟಿದೆಯೋ ಇಲ್ಲವೋ ತಿಳಿಯುತ್ತದೆ.

ಇನ್ನು ಸಂಶೋಧನಾ ಲೇಖನಗಳ ಎಣಿಕೆ. ವರದಿಗಳು ಬಲು ಹೆಮ್ಮೆಯಿಂದ ಹೇಳಿಕೊಳ್ಳುವ ಅಂಕಿ ಇದು, ನನಗೆ ಬಹಳ ಗುಮಾನಿ ಇರುವ ಅಂಕಿಯೂ ಇದೇ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳು ಹೆಚ್ಚಾದಾಗ ಯುಜಿಸಿ ಕೇರ್ ಎಂಬ ಪಟ್ಟಿ ಮಾಡಿ ಒಳ್ಳೆಯವನ್ನು ಸೋಸಲು ನೋಡಿತು. 2025ರಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟು, ಯಾವುದು ಒಳ್ಳೆಯ ಪತ್ರಿಕೆ ಎಂದು ತೀರ್ಮಾನಿಸುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೇ ವಹಿಸಿತು. ಹೀಗಿರುವಾಗ ‘ಇಷ್ಟು ನೂರು ಲೇಖನ ಪ್ರಕಟವಾದವು’ ಎಂಬ ಸಾಲಿಗೆ ಬೆಲೆ ಕಟ್ಟುವುದು ಕಷ್ಟ. ಪಿಎಚ್‌ಡಿ ಪ್ರಬಂಧಗಳ ವಿಷಯದಲ್ಲಿ ಮಾತ್ರ ಒಂದು ಅನುಕೂಲವಿದೆ. ಶೋಧಗಂಗಾ ಎಂಬ ರಾಷ್ಟ್ರೀಯ ಭಂಡಾರದಲ್ಲಿ ಅವು ಎಲ್ಲರಿಗೂ ಸಿಗುತ್ತವೆ. ವರದಿಯ ಅಂಕಿಯ ಹಿಂದೆ ನಿಜಕ್ಕೂ ಏನಿದೆ ಎಂದು ಯಾರು ಬೇಕಾದರೂ ತೆರೆದು ಓದಬಹುದು.

ಸಂಶೋಧನೆಯಿಂದ ಊರಿಗೇನಾಯಿತು ಎಂಬುದನ್ನು ಅಂಕಿಯಲ್ಲಿ ಹಿಡಿಯುವುದು ಇನ್ನೂ ಕಷ್ಟ. ತೊಗರಿಯನ್ನೇ ನೋಡಿ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಟಿಎಸ್-3ಆರ್, ಜಿಆರ್‌ಜಿ-811 ಎಂಬ ತೊಗರಿ ತಳಿಗಳು ಇಲ್ಲಿಯವೇ. ತಳಿ ಬಿಡುಗಡೆಯಾದ ವರ್ಷ ವರದಿಯಲ್ಲಿ ಅದು ಒಂದೇ ಸಾಲು. ಆ ಸಾಲಿನ ಹಿಂದೆ ಹತ್ತಾರು ಹಂಗಾಮುಗಳ ಕೆಲಸ ಇರುತ್ತದೆ, ಮುಂದೆ ಸಾವಿರಾರು ಹೊಲಗಳು. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು, ಎಲ್ಲರೂ ಸಂಭ್ರಮಿಸಿದರು. 2022ರಲ್ಲಿ ನೆಟೆ ರೋಗ ಬಂದು ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿದವು. ಆ ವರ್ಷ ರೈತನಿಗೆ ಬೇಕಿದ್ದ ಉತ್ತರ ಎಷ್ಟು ತಳಿ ಬಿಡುಗಡೆಯಾದವು ಎಂಬುದಲ್ಲ. ಯಾವ ತಳಿ ಎಷ್ಟು ಎಕರೆಯಲ್ಲಿ ಇತ್ತು, ಅದರಲ್ಲಿ ಎಷ್ಟು ಉಳಿಯಿತು, ಬಿತ್ತನೆ ಬೀಜ ನನ್ನೂರಿಗೆ ಯಾಕೆ ಬರಲಿಲ್ಲ ಎಂಬುದು. ಒಳ್ಳೆಯ ವಾರ್ಷಿಕ ವರದಿ ಈ ಎರಡನೆಯ ಬಗೆಯ ಪ್ರಶ್ನೆಗೆ ಒಂದು ಪುಟವಾದರೂ ಕೊಡುತ್ತದೆ.

ಬೀದರಿನ ವಿಶ್ವವಿದ್ಯಾಲಯದ ಕಷ್ಟ ಬೇರೆ ತೆರನದು. ದೇವಣಿ ದನದ ಸೀಮೆಯಲ್ಲಿ ಕೂತಿದ್ದರೂ ಅದರ ಕಾಲೇಜುಗಳು ಶಿವಮೊಗ್ಗ, ಹಾಸನ, ಬೆಂಗಳೂರಿನ ಹೆಬ್ಬಾಳದವರೆಗೆ ಹರಡಿವೆ. ಬೀದರಿನಿಂದಲೇ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಲೆಕ್ಕವನ್ನೂ ಬರೆಯಬೇಕು. ಅಂಥ ವರದಿ ಓದುವವರು ಒಟ್ಟು ಮೊತ್ತ ನೋಡದೆ ಬೀದರ ಆವರಣಕ್ಕೆ ಬಂದದ್ದೆಷ್ಟು ಎಂದು ಹುಡುಕಿ ನೋಡಬೇಕಾಗುತ್ತದೆ.

ಕಾರ್ಯತಂತ್ರದ ಅಧ್ಯಾಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೂರದೃಷ್ಟಿ, ಧ್ಯೇಯ, ಉತ್ಕೃಷ್ಟತೆ ಎಂಬ ಪದಗಳು ಎಲ್ಲ ವರದಿಯಲ್ಲೂ ಒಂದೇ ಥರ ಇರುತ್ತವೆ. ಹೋದ ವರ್ಷದ ವರದಿಯನ್ನು ಪಕ್ಕಕ್ಕಿಟ್ಟುಕೊಂಡು, ಆಗ ಕೊಟ್ಟ ಮಾತು ಈ ವರ್ಷ ಎಲ್ಲಿ ಹೋಯಿತೆಂದು ನೋಡಿದರೆ ಸಾಕು. ಎಷ್ಟೋ ತಂತ್ರ ವಿಶ್ವವಿದ್ಯಾಲಯದ ಕೈಯಲ್ಲೇ ಇರುವುದಿಲ್ಲ ಎಂಬುದನ್ನೂ ಮರೆಯಬಾರದು. 2024ರಲ್ಲಿ ರಾಜ್ಯ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿತು. ಕೇಂದ್ರದ ಸಂಸ್ಥೆಗಳು ಆ ನೀತಿಯ ದಾರಿಯಲ್ಲೇ ಇವೆ. ಹೀಗೆ ಒಂದೇ ಊರಿನ ಎರಡು ರಸ್ತೆಗಳಲ್ಲಿ ಎರಡು ನೀತಿ.

ಆಡಳಿತದ ಭಾಗಕ್ಕೆ ಬರೋಣ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ವಿಶ್ವವಿದ್ಯಾಲಯಗಳಿಗೆ ಅಂಕ ಕೊಡುತ್ತಿದ್ದ ಕ್ರಮದಲ್ಲಿ ಒಟ್ಟು 1000 ಅಂಕಗಳಲ್ಲಿ ಸಂಶೋಧನೆಗೆ 250, ಬೋಧನೆಗೆ 200, ಆಡಳಿತ ಮತ್ತು ನಾಯಕತ್ವಕ್ಕೆ 100. ನನಗೆ ಇದು ಕಡಿಮೆ ಎನಿಸುತ್ತದೆ, ಯಾಕೆಂದರೆ ಮೊದಲ ಎರಡೂ ಕೊನೆಯದನ್ನೇ ನೆಚ್ಚಿಕೊಂಡಿವೆ. ರಾಜ್ಯ ವಿಶ್ವವಿದ್ಯಾಲಯದಲ್ಲಿ ದೊಡ್ಡ ತೀರ್ಮಾನಗಳು ಸಿಂಡಿಕೇಟ್ ಸಭೆಯಲ್ಲಿ ಆಗುತ್ತವೆ. ಪಠ್ಯದ ವಿಷಯ ವಿದ್ಯಾವಿಷಯಕ ಪರಿಷತ್ತಿನದು, ದುಡ್ಡಿನದು ಹಣಕಾಸು ಸಮಿತಿಯದು. ಸಿಂಡಿಕೇಟ್‌ನಲ್ಲಿ ಸರ್ಕಾರ ನಾಮನಿರ್ದೇಶನ ಮಾಡಿದವರೂ ಇರುತ್ತಾರೆ, ಸರ್ಕಾರ ಬದಲಾದರೆ ಮುಖಗಳೂ ಬದಲಾಗುವುದುಂಟು. ವರದಿಯಲ್ಲಿ ಸದಸ್ಯರ ಪಟ್ಟಿಗಿಂತ ಸಭೆ ನಡೆದ ದಿನಾಂಕಗಳು ಹೆಚ್ಚು ಮಾತಾಡುತ್ತವೆ. ತಿಂಗಳುಗಟ್ಟಲೆ ಸಭೆ ಇಲ್ಲ, ಕುಲಪತಿ ಹುದ್ದೆಯಲ್ಲಿ ಪ್ರಭಾರಿಗಳು ಕೂತಿದ್ದರು ಎಂದಾದರೆ ಆ ವರ್ಷ ನೇಮಕಾತಿ ಯಾಕೆ ನಿಂತಿತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಆದಾಯದ ಪುಟದಲ್ಲೂ ಆಡಳಿತದ ಕತೆಯೇ ಇರುತ್ತದೆ. ಗುಲ್ಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿ ಒಂದು ಕಾಲಕ್ಕೆ ಬೀದರಿನಿಂದ ಬಳ್ಳಾರಿಯವರೆಗೆ ಇತ್ತು. 2010ರಲ್ಲಿ ಬಳ್ಳಾರಿಯಲ್ಲಿ ಹೊಸದು ಬಂತು, ಬಳ್ಳಾರಿ ಕೊಪ್ಪಳದ ಕಾಲೇಜುಗಳು ಹೋದವು. ಆಮೇಲೆ ರಾಯಚೂರು, ಅದರ ಜೊತೆ ಯಾದಗಿರಿ. ನಂತರ ಬೀದರಿಗೂ ಸ್ವಂತದ್ದು ಆಯಿತು. ಕಾಲೇಜು ಹೋದರೆ ಅದರ ಸಂಯೋಜನಾ ಶುಲ್ಕವೂ ಪರೀಕ್ಷಾ ಶುಲ್ಕವೂ ಹೋಗುತ್ತದೆ. ನಿವೃತ್ತರ ಪಿಂಚಣಿ ಮಾತ್ರ ಹಳೆಯ ಸಂಸ್ಥೆಯ ಲೆಕ್ಕದಲ್ಲೇ ಉಳಿಯುತ್ತದೆ. ಊರಿಗೊಂದು ವಿಶ್ವವಿದ್ಯಾಲಯ ಬೇಕೆಂದು ಕೇಳುವುದು ತಪ್ಪಲ್ಲ, ಆದರೆ ಘೋಷಣೆ ಮಾಡುವವರು ಈ ಪುಟವನ್ನು ಒಮ್ಮೆ ತಿರುವಿ ಹಾಕಿದ್ದರೆ ಒಳ್ಳೆಯದಿತ್ತು.

ಹೊರಗಿನವರು ಹೇಗೆ ಬರೆಯುತ್ತಾರೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ನಿಯಮ ಹೇಳಬಹುದು. ಅಲ್ಲಿನ ವಿಶ್ವವಿದ್ಯಾಲಯಗಳು ಸಾಧನೆ, ಆಡಳಿತದ ಹೇಳಿಕೆ, ಲೆಕ್ಕಪರಿಶೋಧಕರ ಅಭಿಪ್ರಾಯ ಎಲ್ಲವನ್ನೂ ಒಟ್ಟಿಗೇ ಪ್ರಕಟಿಸುತ್ತವೆ. ಮುಖ್ಯಸ್ಥರ ಸಂಬಳ ಎಷ್ಟು, ಅದು ಉಳಿದ ನೌಕರರ ಮಧ್ಯಮ ಸಂಬಳದ ಎಷ್ಟು ಪಟ್ಟು ಎಂಬುದನ್ನೂ ಬರೆಯಬೇಕು. ನಮ್ಮಲ್ಲಿ ಕುಲಪತಿಗಳ ವೇತನ ಯುಜಿಸಿ ಶ್ರೇಣಿಯಂತೆ ಮೂಲವೇತನ 2,10,000 ರೂಪಾಯಿ ಎಂದು ಗೊತ್ತೇ ಇದೆ, ಆ ಪ್ರಶ್ನೆ ಇಲ್ಲಿ ಅಷ್ಟು ಕಾಡುವುದಿಲ್ಲ. ಇಲ್ಲಿ ಕೇಳಬೇಕಾದ ಪಟ್ಟು ಬೇರೆ: ಕಾಯಂ ಅಧ್ಯಾಪಕರ ಸಂಬಳ ಅತಿಥಿ ಉಪನ್ಯಾಸಕರ ಗೌರವಧನದ ಎಷ್ಟು ಪಟ್ಟು ಎಂಬುದು. ಅದನ್ನು ಬರೆಯಿರೆಂದು ಯಾವ ನಿಯಮವೂ ಹೇಳುವುದಿಲ್ಲ.

ಲೆಕ್ಕಪರಿಶೋಧನೆಯ ಆಕ್ಷೇಪಣೆಗಳು ಒಣ ಭಾಷೆಯಲ್ಲಿರುತ್ತವೆ, ಆದರೂ ಬಿಡಬಾರದು. ಮುಂಗಡ ಪಡೆದು ಲೆಕ್ಕ ಕೊಡದವರು, ಬಳಕೆ ಪ್ರಮಾಣಪತ್ರ ಕಳಿಸದೆ ನಿಂತುಹೋದ ಯೋಜನೆಯ ಕಂತು, ವರ್ಷ ಕಳೆದರೂ ಪೆಟ್ಟಿಗೆ ಬಿಚ್ಚದ ಪ್ರಯೋಗಾಲಯದ ಯಂತ್ರ, ಇಂಥವೆಲ್ಲ ಸಿಗುವುದು ಅಲ್ಲೇ. ಆಕ್ಷೇಪಣೆ ಬಂದದ್ದೇ ಹಗರಣವೇನೂ ಅಲ್ಲ, ಬಹಳಷ್ಟು ಕಾಗದ ಕೊಟ್ಟರೆ ತೀರುವಂಥವು. ಅದೇ ಆಕ್ಷೇಪಣೆ ಐದು ವರ್ಷದಿಂದ ಅದೇ ಸಾಲಿನಲ್ಲಿ ಕೂತಿದ್ದರೆ ಆಗ ಕುಲಸಚಿವರನ್ನೂ ಹಣಕಾಸು ಅಧಿಕಾರಿಗಳನ್ನೂ ಕೇಳಬೇಕು.

ವರದಿ ಜಾಲತಾಣದಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಇದ್ದೇ ಇದೆ. ಸಾರ್ವಜನಿಕ ಸಂಸ್ಥೆಗಳು ಯಾರೂ ಕೇಳದಿದ್ದರೂ ಇಂಥ ಮಾಹಿತಿ ಪ್ರಕಟಿಸಬೇಕೆಂದು 2005ರ ಆ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಅರ್ಜಿ ಬರೆಯುವಾಗ ‘ವಿಶ್ವವಿದ್ಯಾಲಯದ ಸಾಧನೆಯ ಮಾಹಿತಿ ಕೊಡಿ’ ಎಂದರೆ ಮತ್ತೆ ಅದೇ ಫೋಟೊ ಪುಸ್ತಕ ಬರುತ್ತದೆ. ಇಂಥ ವಿಭಾಗದಲ್ಲಿ ಮಂಜೂರಾದ ಹುದ್ದೆ, ಖಾಲಿಯಾದ ತಾರೀಖು, ಭರ್ತಿಗೆ ಸಿಂಡಿಕೇಟ್ ತೀರ್ಮಾನಿಸಿದ ಸಭೆಯ ನಡಾವಳಿ, ಆ ವರ್ಷಗಳಲ್ಲಿ ನೋಂದಣಿಯಾದ ಪಿಎಚ್‌ಡಿ ವಿದ್ಯಾರ್ಥಿಗಳ ಸಂಖ್ಯೆ ಎಂದು ಬಿಡಿಬಿಡಿಯಾಗಿ ಕೇಳಿ. ಉತ್ತರ ಕೊಡಲು ಅವರಿಗೆ 30 ದಿನಗಳ ಗಡುವಿದೆ.