ಹಳೇ ಟಿಪ್ಪರಿನ ಬ್ರೇಕ್: ಒಂದು ಚಾಕ್‌ಪೀಸು, ಒಂದು ಸ್ಕೇಲು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಪೆರ್ಲ ಕಡೆಯ ಒಂದು ಆರು ಚಕ್ರದ ಟಿಪ್ಪರ್ ನನ್ನ ಗ್ಯಾರೇಜಿಗೆ ಬಂತು. ಹದಿನೈದು ವರ್ಷ ದಾಟಿದ ಗಾಡಿ. ಕೆಂಪುಕಲ್ಲು, ಜಲ್ಲಿ ಹೇರುವುದೇ ಅದರ ಕೆಲಸ. ಖಾಲಿ ಇದ್ದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಲೋಡು ಹಾಕಿ ಗುಡ್ಡೆ ಇಳಿಯುವಾಗ ಅರ್ಧ ದಾರಿಯಲ್ಲಿ ಕೈಕೊಡುತ್ತದೆ ಎಂದರು ಡ್ರೈವರ್. ಬೇರೆ ಕಡೆ ಪೆಡಲಿನ ಕೆಳಗಿನ ಬ್ರೇಕ್ ವಾಲ್ವ್ ಬದಲಿಸಿಕೊಂಡೇ ಬಂದಿದ್ದರು. ದುಡ್ಡು ಹೋಗಿತ್ತು, ದೋಷ ಹಾಗೇ ಇತ್ತು.

ನಾನು ವಾಲ್ವ್ ಮುಟ್ಟಲಿಲ್ಲ. ಚಾಕ್‌ಪೀಸು ಹಿಡಿದು ಗಾಡಿಯಡಿಗೆ ಹೋದೆ.

ಕಾರು ಅಥವಾ ಸಣ್ಣ ಪಿಕಪ್‌ನಲ್ಲಿ ಆಯಿಲ್ ಬ್ರೇಕ್ ಇರುತ್ತದೆ. ಅಡ್ಜಸ್ಟ್ ತಪ್ಪಿದರೆ ಪೆಡಲ್ ಕೆಳಗೆ ಹೋಗುತ್ತದೆ, ಕಾಲಿಗೇ ಗೊತ್ತಾಗುತ್ತದೆ. ಏರ್ ಬ್ರೇಕಿನಲ್ಲಿ ಹಾಗಿಲ್ಲ. ಅಲ್ಲಿ ಕಾಲು ತೆರೆಯುವುದು ಗಾಳಿಯ ವಾಲ್ವನ್ನು ಮಾತ್ರ. ಚಕ್ರದ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಲೈನರ್ ಸವೆದಿರಲಿ, ಆ ಸವೆತಕ್ಕೆ ತಕ್ಕಂತೆ ಬಿಗಿ ಮಾಡುವ ಲಿವರ್, ಅಂದರೆ ಸ್ಲಾಕ್ ಅಡ್ಜಸ್ಟರ್, ಸಡಿಲವಾಗಿರಲಿ, ಪೆಡಲ್ ನಿನ್ನೆಯ ಹಾಗೇ ಇರುತ್ತದೆ. ಇಪ್ಪತ್ತು ವರ್ಷ ಓಡಿಸಿದ ಡ್ರೈವರ್ ಕೂಡ ಕಾಲಿನ ಅಂದಾಜಿನಲ್ಲಿ ಇದನ್ನು ಹಿಡಿಯಲಾರ. ಅಳೆದೇ ನೋಡಬೇಕು.

ಅಳೆಯುವುದು ಕಷ್ಟವೇನಲ್ಲ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಚಕ್ರಕ್ಕೆ ಎರಡೂ ಕಡೆ ಗಟ್ಟಿ ಮರದ ತುಂಡು ಕೊಡಿ. ಗೇಜಿನಲ್ಲಿ ಗಾಳಿ 6ರಿಂದ 7 ಕೆಜಿಯ (ಚದರ ಸೆಂಟಿಮೀಟರಿಗೆ) ನಡುವೆ ಇರಲಿ. ಎಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ. ಚೇಂಬರಿನಿಂದ, ಅಂದರೆ ನಮ್ಮ ಹುಡುಗರು ಬೂಸ್ಟರ್ ಎನ್ನುವ ಡಬ್ಬಿಯಿಂದ, ಸ್ಲಾಕನ್ನು ತಳ್ಳುವ ಪುಶ್ ರಾಡ್ ಹೊರಬರುವ ಜಾಗದಲ್ಲಿ ಚಾಕ್‌ಪೀಸಿನಿಂದ ಗೆರೆ ಹಾಕಿ. ಒಬ್ಬರು ಪೆಡಲನ್ನು ಪೂರ್ತಿ ಒತ್ತಿ ಹಿಡಿಯಲಿ. ಗೆರೆ ಎಷ್ಟು ಮುಂದೆ ಬಂತು ಎಂದು ಸ್ಕೇಲ್ ಇಟ್ಟು ನೋಡಿ.

ಚೇಂಬರಿನ ನಂಬರಿಗೆ ಅರ್ಥವಿದೆ. 24 ಎಂದರೆ ಒಳಗಿನ ರಬ್ಬರ್ ಡಯಾಫ್ರಮ್ 24 ಚದರ ಇಂಚಿನಷ್ಟು ಜಾಗದಲ್ಲಿ ಒತ್ತುತ್ತದೆ ಎಂದು. 7 ಕೆಜಿ ಗಾಳಿಯಲ್ಲಿ ಅದು ಪುಶ್ ರಾಡಿಗೆ ಒಂದು ಟನ್ನಿಗೂ ಜಾಸ್ತಿ ಬಲ ಕೊಡುತ್ತದೆ. ಆದರೆ ರಾಡ್ ಮಿತಿಯೊಳಗೆ ಓಡಿದರೆ ಮಾತ್ರ. ಸಾಮಾನ್ಯ 24ರ ಚೇಂಬರಿಗೆ ಒಂದೂ ಮುಕ್ಕಾಲು ಇಂಚು, 30ಕ್ಕೆ ಎರಡು ಇಂಚು ಮಿತಿ. 30ರ ಚೇಂಬರಿನ ಪೂರ್ತಿ ಓಟವೇ ಎರಡೂವರೆ ಇಂಚು. ಅಲ್ಲಿಗೆ ಮುಟ್ಟಿದ ಮೇಲೆ ಡಯಾಫ್ರಮ್ ಡಬ್ಬಿಯ ತಳಕ್ಕೇ ಒತ್ತುತ್ತದೆ, ಲೈನರಿಗೆ ಬಲ ಹೋಗುವುದಿಲ್ಲ.

ಪೆರ್ಲದ ಗಾಡಿಯ ಹಿಂದಿನ ಚೇಂಬರ್ 24ರದ್ದು. ಎಡಗಡೆ ರಾಡ್ ಎರಡು ಇಂಚು ಹೊರಬರುತ್ತಿತ್ತು, ಅದೂ ಬ್ರೇಕ್ ತಣ್ಣಗಿದ್ದಾಗ. ಬಂದಡ್ಕ, ಪಾಣತ್ತೂರು ಕಡೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬಂದರೆ ಡ್ರಮ್ ಕಾಯುತ್ತದೆ. ಕಾದ ಕಬ್ಬಿಣ ಹಿಗ್ಗುತ್ತದೆ, ಡ್ರಮ್ ಲೈನರಿನಿಂದ ದೂರ ಸರಿಯುತ್ತದೆ. ಅದನ್ನು ಮುಟ್ಟಲು ರಾಡ್ ಇನ್ನಷ್ಟು ಹೊರಗೆ ಬರಬೇಕು. ಬರಲು ಜಾಗವೇ ಉಳಿದಿರುವುದಿಲ್ಲ. ಅಂಗಳದಲ್ಲಿ ಹಿಡಿದ ಬ್ರೇಕ್ ಗುಡ್ಡೆಯಲ್ಲಿ ಹಿಡಿಯದೇ ಹೋಗುವುದು ಹೀಗೆ.

ಇಲ್ಲಿ ಸ್ಲಾಕ್ ಅಡ್ಜಸ್ಟರ್ ಬಿಗಿ ಮಾಡಿ ಗಾಡಿ ಕಳಿಸಬಹುದಿತ್ತು. ಕೈಯಲ್ಲಿ ಅಡ್ಜಸ್ಟ್ ಮಾಡುವ ಹಳೇ ಸ್ಲಾಕ್ ಆದರೆ ಲೈನರ್ ಕೂತ ಶೂ ಡ್ರಮ್ಮಿಗೆ ತಾಗುವವರೆಗೆ ಬಿಗಿ ಮಾಡಿ, ಕಾಲರಿಂದ ಅರ್ಧ ಸುತ್ತು ಹಿಂದೆ ಬಿಡುವುದು ವಾಡಿಕೆ. ಬೋಲ್ಟಿನ ಲಾಕ್ ಹೊರಗೆ ಬಂದು ಕೂತಿದೆಯೇ ಎಂದು ನೋಡಲೇಬೇಕು, ಇಲ್ಲದಿದ್ದರೆ ಸ್ಲಾಕ್ ತಾನಾಗಿ ಸಡಿಲವಾಗುತ್ತದೆ. ಆದರೆ ಒಂದೇ ಕಡೆ ಇಷ್ಟು ಸಡಿಲವಾಗಿದ್ದೇಕೆ? ಸ್ಲಾಕ್ ತಿರುಗಿಸಿದಾಗ ಶೂಗಳನ್ನು ಅಗಲಿಸುವ ಎಸ್ ಆಕಾರದ ಕ್ಯಾಮ್‌ನ ಶಾಫ್ಟನ್ನು ಲಿವರ್ ಕೊಟ್ಟು ಮೇಲೆ ಕೆಳಗೆ ಎತ್ತಿದೆ. ಕಣ್ಣಿಗೆ ಕಾಣುವಷ್ಟು ಅಲುಗಾಡಿತು. ಶಾಫ್ಟ್ ತಿರುಗುವ ಬಳೆ, ಅಂದರೆ ಬುಶ್, ತಿಂದು ಹೋಗಿತ್ತು. ಗಾಳಿ ಕೊಟ್ಟ ಬಲದಲ್ಲಿ ಒಂದಷ್ಟು ಶಾಫ್ಟನ್ನು ಎತ್ತಲಿಕ್ಕೇ ಖರ್ಚಾಗುತ್ತಿತ್ತು.

ನಮ್ಮ ಕಡೆ ಕ್ಯಾಮ್ ಬುಶ್ ಬೇಗ ಹೋಗುವುದಕ್ಕೆ ಮಣ್ಣೇ ಮುಖ್ಯ ಕಾರಣ ಎಂದು ನನ್ನ ಅನುಭವ. ಬೇಸಿಗೆಯಲ್ಲಿ ಕೆಂಪುಕಲ್ಲಿನ ನಯವಾದ ಧೂಳು ಗ್ರೀಸಿಗೆ ಅಂಟುತ್ತದೆ. ಜೂನ್ ಬಂದರೆ ಅದೇ ಧೂಳು ಕೆಸರಾಗುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಅಲ್ವಾ? ಗ್ರೀಸ್ ತೊಳೆದು ಹೋಗುತ್ತದೆ, ಮಣ್ಣು ಉಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಗ್ರೀಸ್ ಗನ್ನನ್ನು ಜಾಸ್ತಿ ಸಲ ಹಿಡಿಯಿರಿ. ಹಳೇ ಕೆಸರು ಗ್ರೀಸ್ ಸ್ಲಾಕ್ ಕಡೆಯಿಂದ ಹೊರಬರಬೇಕು. ಡ್ರಮ್ ಕಡೆಗೆ ಬಂದರೆ ಒಳಗಿನ ಸೀಲ್ ಹೋಗಿದೆ ಎಂದು ತಿಳಿಯಿರಿ. ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿ ಹಿಡಿದು ಮತ್ತೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಚಕ್ರ ಬಿಚ್ಚುವ ಮೊದಲು ಒಂದು ಮಾತು. ಹಿಂದಿನ ಡಬಲ್ ಚೇಂಬರಿನೊಳಗೆ ಪಾರ್ಕಿಂಗ್ ಬ್ರೇಕಿನ ದೊಡ್ಡ ಸ್ಪ್ರಿಂಗ್ ನೂರಾರು ಕೆಜಿ ಬಲದಲ್ಲಿ ಅದುಮಿ ಕೂತಿರುತ್ತದೆ. ಚೇಂಬರ್ ಕಳಚುವುದಿದ್ದರೆ ಮೊದಲು ಬಿಡುಗಡೆ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಕಟ್ಟಲೇಬೇಕು. ಸ್ಪ್ರಿಂಗ್ ಕಡೆಯ ಕ್ಲಾಂಪ್ ಬಿಚ್ಚಿದರೆ ಆ ಮುಚ್ಚಳ ಗುಂಡಿನ ಹಾಗೆ ಹಾರಿ ಎದುರಿಗಿದ್ದವರನ್ನು ಕೊಲ್ಲುತ್ತದೆ. ಕೆಲಸ ಕಲಿಯುವ ಹುಡುಗರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದೇ. ಇನ್ನೊಂದು ಧೂಳಿನದ್ದು. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ನಾರು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಡ್ರಮ್ಮಿನ ಧೂಳಿಗೆ ಗಾಳಿ ಹೊಡೆಯಬೇಡಿ, ನೀರಿನಲ್ಲಿ ಒದ್ದೆ ಮಾಡಿ ಒರೆಸಿ ತೆಗೆಯಿರಿ.

ಲೈನರ್ 6 ಮಿಲಿಮೀಟರಿಗೆ ಬಂದರೆ ಬದಲಿಸಿ, ರಿವೆಟ್ ಡ್ರಮ್ಮಿಗೆ ಉಜ್ಜುವವರೆಗೆ ಕಾಯಬೇಡಿ. ಬದಲಿಸುವಾಗ ಆಕ್ಸಲಿನ ಎರಡೂ ಕಡೆಗೆ ಒಂದೇ ಜಾತಿಯ ಲೈನರ್ ಹಾಕಿ. ರಿವೆಟ್ಟನ್ನು ನಡುವಿನಿಂದ ಹೊಡೆಯುತ್ತಾ ತುದಿಗೆ ಬನ್ನಿ, ಆಗ ಶೂವಿಗೂ ಲೈನರಿಗೂ ನಡುವೆ ಸಂದು ಉಳಿಯುವುದಿಲ್ಲ. ರಿಟರ್ನ್ ಸ್ಪ್ರಿಂಗ್ ಹೊಸತೇ ಇರಲಿ.

ಆ ಗಾಡಿಯಲ್ಲಿ ನನಗೆ ತುಂಬಾ ಬೇಸರ ತಂದದ್ದು ಮುಂದಿನ ಬ್ರೇಕ್. ಸ್ಲಾಕನ್ನು ಬೇಕೆಂದೇ ಸಡಿಲ ಬಿಟ್ಟಿದ್ದರು. ಮಳೆಯಲ್ಲಿ ಮುಂದಿನ ಬ್ರೇಕ್ ಹಿಡಿದರೆ ಸ್ಟೇರಿಂಗ್ ಎಳೆಯುತ್ತದೆ ಎಂಬ ಭಯ. ಎಳೆಯುವುದು ಎರಡು ಕಡೆಯೂ ಸಮ ಇಲ್ಲದ್ದರಿಂದ. ಅದನ್ನು ಸಮ ಮಾಡಬೇಕು. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಮುಂದಿನ ಬ್ರೇಕ್ ಕಳಚಿಟ್ಟರೆ ಅಷ್ಟೂ ಕೆಲಸ ಹಿಂದಿನ ಡ್ರಮ್ಮುಗಳ ಮೇಲೆ ಬಿದ್ದು ಅವು ಬೇಗ ಕಾಯುತ್ತವೆ.

ಕೊನೆಗೆ ಗಾಳಿ ನೋಡಿದೆವು. ಎಂಜಿನ್ ನಿಲ್ಲಿಸಿ ಪೆಡಲ್ ಒತ್ತಿ ಹಿಡಿದಾಗ ಗೇಜು ಒಂದು ನಿಮಿಷಕ್ಕೆ 0.2 ಕೆಜಿಗಿಂತ ಜಾಸ್ತಿ ಇಳಿಯಬಾರದು. ಇಳಿದರೆ ಸೋಪಿನ ನೀರು ಹಚ್ಚಿ ಲೀಕ್ ಹುಡುಕಬೇಕು. ಟ್ಯಾಂಕಿನ ಕೆಳಗಿನ ಕಾಕ್ ತೆರೆದಾಗ ಒಂದು ಚೊಂಬಿನಷ್ಟು ನೀರು ಬಂತು. ಅದನ್ನು ದಿನಾ ಸಂಜೆ ಬಿಡಬೇಕು. ನೀರಿನ ಜೊತೆ ಎಣ್ಣೆಯೂ ಬಂದರೆ ಕಂಪ್ರೆಸರಿನ ರಿಂಗ್ ನೋಡಿಸಿ.

ಕ್ಯಾಮ್ ಬುಶ್, ಸೀಲ್, ಹಿಂದಿನ ಲೈನರ್ ಹೊಸತು ಹಾಕಿ, ನಾಲ್ಕೂ ಕಡೆ ಅಡ್ಜಸ್ಟ್ ಮಾಡಿದೆವು. ಎಡಗಡೆಯ ರಾಡ್ ಒಂದೂಕಾಲು ಇಂಚಿಗೆ ಬಂತು. ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳುವಾಗ ರಾಡಿನ ಓಟ ಮತ್ತೆ ಸ್ವಲ್ಪ ಬೆಳೆಯುತ್ತದೆ, ಅದಕ್ಕೆ ಮೂರು ದಿನ ಅರ್ಧ ಲೋಡಿನಲ್ಲಿ ಓಡಿಸಿ ಬನ್ನಿ ಎಂದೆ. ಡ್ರೈವರ್ ನಾಲ್ಕನೇ ದಿನ ಬಂದರು. ಗೆರೆಯನ್ನು ಅವರೇ ಹಾಕಿದರು, ಅಳತೆಯನ್ನೂ ಅವರೇ ಓದಿದರು. ಒಂದು ಚಾಕ್‌ಪೀಸನ್ನು ಕ್ಯಾಬಿನಿನಲ್ಲಿ ಇಟ್ಟುಕೊಂಡು ಹೋದರು.