ಸೀತಾಳೆ ದಂಡೆಯ ಹೆಸರುಗಳು: ಅಧ್ಯಯನ ಟಿಪ್ಪಣಿ

ಮಲೆನಾಡಿನಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಕೊಂಬೆಗಳಿಂದ ಇಳಿಬಿದ್ದು ಅರಳುವ ಆರ್ಕಿಡ್ ಸೀತಾಳೆ ದಂಡೆ. ದಂಡೆ ಎಂದರೆ ಮುಡಿಯುವ ಹೂಮಾಲೆ. ನೂರಕ್ಕೂ ಮಿಕ್ಕಿ ಪುಟ್ಟ ಹೂಗಳು ಒತ್ತೊತ್ತಾಗಿ ಕೂತ ಗೊಂಚಲಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಇಂಗ್ಲಿಷಿನಲ್ಲಿ ಇದು ಫಾಕ್ಸ್‌ಟೇಲ್, ನರಿಬಾಲ. ಅಸ್ಸಾಮಿನಲ್ಲಿ ಕೊಪೌ ಫೂಲ್. ಅಲ್ಲಿ ಇದೇ ರಾಜ್ಯಪುಷ್ಪ, ಬಿಹು ನರ್ತಕಿಯರು ಮುಡಿಯುವ ಹೂ.

ದಂಡೆ, ನರಿಬಾಲ ಎರಡೂ ಹೇಳುವುದು ಗೊಂಚಲಿನ ಆಕಾರವನ್ನಷ್ಟೆ. ಅದಕ್ಕೇ ಜೋಲುಗೊಂಚಲು ಬಿಡುವ ಏರಿಡಿಸ್ ಎಂಬ ಇನ್ನೊಂದು ಆರ್ಕಿಡ್ ಕುಲದ ಗಿಡಗಳಿಗೂ ಇಂಥವೇ ಹೆಸರು ಅಂಟಿ ಗೊಂದಲವಾಗುತ್ತದೆ.

ವೈಜ್ಞಾನಿಕ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ಗ್ರೀಕಿನಲ್ಲಿ ರಿಂಕೋಸ್ ಎಂದರೆ ಕೊಕ್ಕು, ಸ್ಟೈಲಿಸ್ ಎಂದರೆ ಕಂಬ: ಹೂವಿನ ನಡುವೆ ಗಂಡು–ಹೆಣ್ಣು ಭಾಗಗಳು ಕೂಡಿ ಆದ ಕಂಬಕ್ಕೆ ಕೊಕ್ಕಿನ ಹೋಲಿಕೆ. ರೆಟ್ಯೂಸಾ ಎಂದರೆ ಮೊಂಡಾದ, ನಡುವೆ ತುಸು ಕಚ್ಚಿದ ತುದಿಯುಳ್ಳದ್ದು. ಇದು ಎಲೆಯ ಮಾತು. ಆದರೆ ಎಲೆತುದಿಯೊಂದನ್ನೇ ನಂಬಿ ಗುರುತಿಸಬೇಡಿ, ಏರಿಡಿಸ್ ಎಲೆಗಳ ತುದಿಯೂ ಕಚ್ಚಿದಂತಿರುತ್ತದೆ. ಹೂವನ್ನು ಪಕ್ಕದಿಂದ ನೋಡಿ. ತುಟಿದಳದ ಬುಡದ ಚೀಲ ಹಿಂದಕ್ಕೆ ಚಾಚಿದ್ದರೆ ರಿಂಕೋಸ್ಟೈಲಿಸ್. ಕೊಂಬಿನಂತೆ ಮುಂದಕ್ಕೆ ಬಾಗಿದ್ದರೆ ಏರಿಡಿಸ್. ಬಿಳಿಯ ಮೇಲಿನ ನೇರಳೆ ಚುಕ್ಕೆ ಪೋಷಕ ಸಾಕ್ಷಿ ಮಾತ್ರ.

ವೈಜ್ಞಾನಿಕ ಹೆಸರಿನ ಕೊನೆಗೆ ಆವರಣದಲ್ಲಿ ಲಿನೇಯಸ್, ಹೊರಗೆ ಬ್ಲೂಮೆ ಎಂದು ಹೆಸರಿಟ್ಟ ಸಸ್ಯವಿಜ್ಞಾನಿಗಳನ್ನು ಸೂಚಿಸಿರುವುದನ್ನು ಅನೇಕರು ಬಿಟ್ಟುಬಿಡುತ್ತಾರೆ. ಅದರಲ್ಲೇ ಈ ಹೆಸರಿನ ಚರಿತ್ರೆಯಿದೆ. 1753ರಲ್ಲಿ ಲಿನೇಯಸ್ ಇದನ್ನು ಎಪಿಡೆಂಡ್ರಮ್ ರೆಟ್ಯೂಸಮ್ ಎಂದು ಕರೆದ. ಮರದ ಮೇಲಿನ ಆರ್ಕಿಡ್‌ಗಳಲ್ಲಿ ಹೆಚ್ಚಿನವನ್ನು ಆತ ಎಪಿಡೆಂಡ್ರಮ್ ಎಂಬ ಒಂದೇ ಕುಲಕ್ಕೆ ತುಂಬಿದ್ದ. 1825ರಲ್ಲಿ ಬ್ಲೂಮೆ ರಿಂಕೋಸ್ಟೈಲಿಸ್ ಕುಲವನ್ನು ಕಟ್ಟಿ ಇದನ್ನು ಅಲ್ಲಿಗೆ ತಂದ. ಕುಲ ಬದಲಾದಾಗ ಮೊದಲು ಹೆಸರಿಟ್ಟವನು ಆವರಣದೊಳಗೆ ಹೋಗುತ್ತಾನೆ. ರೆಟ್ಯೂಸಮ್ ರೆಟ್ಯೂಸಾ ಆದದ್ದೂ ಆಗಲೇ: ಎಪಿಡೆಂಡ್ರಮ್ ನಪುಂಸಕಲಿಂಗ, ರಿಂಕೋಸ್ಟೈಲಿಸ್ ಸ್ತ್ರೀಲಿಂಗ, ವಿಶೇಷಣ ಕುಲದ ಲಿಂಗವನ್ನು ಅನುಸರಿಸಲೇಬೇಕು.

ರೋಮನ್ ಲಿಪಿಯಲ್ಲಿ ಬರೆಯುವಾಗ ಕುಲನಾಮದ ಮೊದಲಕ್ಷರ ಮಾತ್ರ ದೊಡ್ಡದು, ಪ್ರಭೇದನಾಮವೆಲ್ಲ ಚಿಕ್ಕಕ್ಷರ. ಎರಡನ್ನೂ ಓರೆಯಾಗಿಸಿ, ಕೈಬರಹವಾದರೆ ಎರಡಕ್ಕೂ ಬೇರೆ ಬೇರೆಯಾಗಿ ಅಡಿಗೆರೆ ಎಳೆಯಿರಿ. ಲೇಖಕರ, ಅಂದರೆ ಹೆಸರಿಟ್ಟವರ, ಹೆಸರು ಓರೆಯಾಗಬಾರದು.

ಹಳೆಯ ಸಸ್ಯಸೂಚಿಗಳಲ್ಲಿ ಸ್ಯಾಕೋಲೇಬಿಯಂ ಗಟೇಟಮ್, ಏರಿಡಿಸ್ ರೆಟ್ಯೂಸಾ ಎಂದು ಕಂಡರೆ ಬೇರೆ ಗಿಡವೆಂದು ಎಣಿಸಬೇಡಿ. ಅವೂ ಇದರ ಪರ್ಯಾಯನಾಮಗಳೇ.